ಕಂಪನಿ ಪಾರ್ಟಿಗೆ ಹೋಗಲೇಬೇಕಾ? ನೆಪ ಹುಡುಕುತ್ತಿರುವ ನಿಮಗೆ

"ಹೋಗೋದು ಕಡ್ಡಾಯವಾ? ಕಡ್ಡಾಯ ಅಲ್ಲದಿದ್ದರೆ ಈ ಶುಕ್ರವಾರಕ್ಕೆ ಯಾವ ನೆಪ ಹೇಳಲಿ? ನನ್ನ ಹತ್ತಿರ ಇದ್ದ ನೆಪಗಳೆಲ್ಲ ಖಾಲಿಯಾಗಿವೆ" ಅಂತ ಕೇಳಿದ್ದೀರಿ. ಓದಿ ಮೊದಲು ನಗು ಬಂತು, ಆಮೇಲೆ ಹೊಟ್ಟೆಯೊಳಗೆ ಏನೋ ಕಲಸಿದ ಹಾಗಾಯಿತು. ಆರು ವರ್ಷದ ಹಿಂದೆ ನಾನೇ ಬರೆದಿಟ್ಟ ಪ್ರಶ್ನೆಯನ್ನ ಯಾರೋ ಎತ್ತಿ ಮುಖದ ಮುಂದೆ ಹಿಡಿದ ಹಾಗಿದೆ.

ನನ್ನ ನೆಪಗಳೂ ಖಾಲಿಯಾಗಿದ್ದವು. ಎರಡು ವರ್ಷದಲ್ಲಿ ನನಗೆ ನಾಲ್ಕು ಸಲ ಜ್ವರ ಬಂದಿತ್ತು, ನಾಲ್ಕೂ ಸಲ ಶುಕ್ರವಾರ ಸಂಜೆಯೇ. ಮನೆಗೆ ನೆಂಟರು ಬಂದದ್ದಕ್ಕೆ ಲೆಕ್ಕ ಇಲ್ಲ. ಒಬ್ಬ ಚಿಕ್ಕಪ್ಪನಿಗೆ ಎರಡು ಸಲ ಕಣ್ಣಿನ ಆಪರೇಷನ್ ಮಾಡಿಸಿದೆ, ನಿಜವಾದ ಚಿಕ್ಕಪ್ಪ ಇವತ್ತಿಗೂ ಕನ್ನಡಕ ಇಲ್ಲದೆ ಪೇಪರ್ ಓದ್ತಾರೆ. ಜನ ಕಂಡರೆ ಆಗಲ್ಲ ಅಂತೇನೂ ಇರಲಿಲ್ಲ. ಎದುರು ಒಬ್ಬರು ಕೂತರೆ ಗಂಟೆಗಟ್ಟಲೆ ಮಾತಾಡ್ತೀನಿ. ಇಪ್ಪತ್ತು ಜನ ನಿಂತು, ಜೋರು ಹಾಡಿನ ಮೇಲೆ ಕಿರುಚಿಕೊಂಡು, ಮಧ್ಯೆ ಮೈಕ್ ಹಿಡಿದವರು ಬಂದು "ಎಲ್ಲರೂ ಒಂದು ಗೇಮ್ ಆಡೋಣ" ಅಂದರೆ ಮಾತ್ರ ನನಗೆ ಕಾಲು ತಣ್ಣಗಾಗತ್ತೆ. ಈಗಲೂ ಆಗತ್ತೆ, ಅದೇನೂ ಬದಲಾಗಿಲ್ಲ.

ಆ ವರ್ಷ ತಂಡದ ಔಟಿಂಗ್ ಇಟ್ಟರು. ಒಟ್ಟು ಇಪ್ಪತ್ತೈದು ಜನ, ಒಂದು ದಿನದ ಪ್ರವಾಸ, ಒಂದು ಬಸ್ಸು. ಅದರ ಜವಾಬ್ದಾರಿ ಬಿದ್ದದ್ದು ತಂಡದಲ್ಲೇ ಎಲ್ಲರಿಗಿಂತ ಚಿಕ್ಕ ಹುಡುಗಿಯ ಮೇಲೆ. ಕೆಲಸಕ್ಕೆ ಸೇರಿ ಐದು ತಿಂಗಳಾಗಿತ್ತಷ್ಟೆ. ಅವಳೊಂದು ಎಕ್ಸೆಲ್ ಶೀಟ್ ಮಾಡಿ ಎಲ್ಲರಿಗೂ ಕಳಿಸಿದಳು. ಮೂರು ಕಾಲಂ: ಹೆಸರು, ಬರುತ್ತೀರಾ, ಬರದಿದ್ದರೆ ಕಾರಣ.

ನನ್ನನ್ನ ಕೆಡಿಸಿದ್ದು ಆ ಮೂರನೇ ಕಾಲಂ. "ಇಲ್ಲ" ಅಂತ ಟೈಪ್ ಮಾಡಿ ಪಕ್ಕದ ಖಾನೆಗೆ ಬಂದು ಕೂತೆ. ಏನು ಬರೀಲಿ? ಹದಿನೈದು ದಿನ ಮುಂಚೆ ಜ್ವರ ಬರತ್ತೆ ಅಂತ ಬರೆಯೋಕಾಗತ್ತಾ? ಚಿಕ್ಕಪ್ಪನಿಗೆ ಇದ್ದದ್ದು ಎರಡೇ ಕಣ್ಣು, ಎರಡೂ ಮುಗಿದಿದ್ದವು. ಶೀಟ್ ಎಲ್ಲರಿಗೂ ಕಾಣ್ತಿತ್ತು. ಮೇಲಿನ ಹದಿನೆಂಟು ಸಾಲಿನಲ್ಲಿ "ಹೌದು, ಹೌದು, ಹೌದು". "ಹೌದು" ಅಂದವರಿಗೆ ಕಾರಣ ಬರೆಯೋ ಕೆಲಸವೇ ಇಲ್ಲ ನೋಡಿ! ಅಳಿಸಿ "ಹೌದು" ಅಂತ ಹಾಕಿದೆ. ಆವತ್ತಿನ ಮಟ್ಟಿಗೆ ಬಚಾವಾದೆ ಅನ್ನಿಸಿತು. ಉಳಿದದ್ದನ್ನ ಔಟಿಂಗ್ ದಿನ ಬೆಳಿಗ್ಗೆ ನೋಡಿಕೊಂಡರಾಯಿತು ಅಂದುಕೊಂಡೆ.

ಆವತ್ತು ಬೆಳಿಗ್ಗೆ ಆರೂವರೆಗೆ ಬಸ್ಸು. ಫೋನ್ ಸೈಲೆಂಟ್ ಮಾಡಿ ಬೋರಲು ಹಾಕಿ ಮುಸುಕೆಳೆದು ಮಲಗಿದೆ. ನಿದ್ದೆ ಎಲ್ಲಿಂದ ಬರತ್ತೆ. ಬೋರಲು ಹಾಕಿದ ಫೋನಿನ ಅಂಚಿನಲ್ಲಿ ಬೆಳಕು ಹತ್ತಿ ಹತ್ತಿ ಆರೋದು ಕಾಣ್ತಿತ್ತು. ಹನ್ನೊಂದು ಕಾಲ್. ಏಳೂ ಇಪ್ಪತ್ತಕ್ಕೆ, ಇನ್ನು ಹೊರಟಿರ್ತಾರೆ ಅಂತ ಖಾತ್ರಿ ಮಾಡಿಕೊಂಡು, ಆ ಹುಡುಗಿಗೆ ಮೆಸೇಜ್ ಹಾಕಿದೆ: "ರಾತ್ರಿಯಿಂದ ಮೈಗ್ರೇನ್, ಈಗ ಎದ್ದೆ, ಸಾರಿ." ಅವಳು "ಪರವಾಗಿಲ್ಲ ಸರ್, ರೆಸ್ಟ್ ಮಾಡಿ" ಅಂದಳು. ನನಗಾಗಿ ಬಸ್ಸು ಮುಕ್ಕಾಲು ಗಂಟೆ ನಿಂತಿತ್ತು ಅನ್ನೋದು ನನಗೆ ಗೊತ್ತಾಗಿದ್ದು ಮಾರನೇ ದಿನ.

ಕಥೆ ಅಲ್ಲಿಗೇ ಮುಗಿದಿದ್ದರೂ ಒಂದು ಥರ. ಹನ್ನೊಂದರ ಸುಮಾರಿಗೆ, ಎದ್ದು ಸ್ನಾನ ಮಾಡಿ ತಿಂಡಿ ತಿಂದು ತುಂಬಾ ಹಾಯಾಗಿ ಕೂತಿದ್ದಾಗ, ಆಫೀಸಿನಿಂದ ಒಂದು ಇಮೇಲ್ ಬಂತು. ತಿಂಗಳ ರಿಪೋರ್ಟಿನಲ್ಲಿ ಎರಡು ಮೊತ್ತ ತಾಳೆಯಾಗ್ತಿಲ್ಲ, ಯಾರಾದರೂ ನೋಡ್ತೀರಾ ಅಂತ. ಆ ರಿಪೋರ್ಟ್ ನಾನೇ ಕಟ್ಟಿದ್ದು. ಎಲ್ಲಿ ತಪ್ಪಿದೆ ಅಂತ ಓದಿದ ಕೂಡಲೇ ಹೊಳೀತು. ಲ್ಯಾಪ್‌ಟಾಪ್ ತೆಗೆದು ಸರಿ ಮಾಡಿ "ಸರಿಹೋಗಿದೆ, ಈಗ ನೋಡಿ" ಅಂತ ಬರೆದು ರಿಪ್ಲೈ ಆಲ್ ಒತ್ತಿದೆ. ಕೆಲಸ ಚೆನ್ನಾಗಿ ಮಾಡಿದೆ ಅನ್ನೋ ಖುಷಿ ಬೇರೆ. ಬಸ್ಸಿನಲ್ಲಿದ್ದ ಇಪ್ಪತ್ತಮೂರು ಜನರ ಜೇಬಿನಲ್ಲಿ ಆ ಉತ್ತರ ಒಟ್ಟಿಗೇ ಸದ್ದು ಮಾಡಿತಂತೆ. ಯಾರೋ ಒಬ್ಬರು "ಮೈಗ್ರೇನ್ ಇಳೀತು ಅನ್ಸತ್ತೆ" ಅಂದರಂತೆ. ಬಸ್ಸು ಇಡೀ ನಕ್ಕಿತಂತೆ.

ಈಗ ನನ್ನ ತಪ್ಪೇನು ಅಂತ ಬಿಡಿಸಿ ಹೇಳ್ತೀನಿ. ಸ್ವಲ್ಪ ಉದ್ದವಾಗತ್ತೆ, ತಾಳ್ಮೆಯಿಂದ ಓದಿ. ನಾನೇ ಇದನ್ನ ಸರಿಯಾಗಿ ಅರ್ಥ ಮಾಡಿಕೊಳ್ಳೋಕೆ ಒಂದು ವರ್ಷ ಬೇಕಾಯಿತು.

ಔಟಿಂಗಿಗೆ ಹೋಗದೇ ಇದ್ದದ್ದು ತಪ್ಪಲ್ಲ. ಇಪ್ಪತ್ತಮೂರು ಜನ ನಾನಿಲ್ಲದೆ ಆರಾಮಾಗಿ ಹೋಗಿ ಬಂದರು. ರಿಪ್ಲೈ ಆಲ್ ಕೂಡ ತಪ್ಪಲ್ಲ, ಅದು ದಡ್ಡತನ. ತುಂಬಾ ದಿನ ನಾನು ಅದನ್ನೇ ತಪ್ಪು ಅಂದುಕೊಂಡು, ಅದೊಂದು ಉತ್ತರ ಕಳಿಸದೇ ಇದ್ದಿದ್ದರೆ ಏನೂ ಆಗ್ತಿರಲಿಲ್ಲ ಅಂತ ಕೈ ಕೈ ಹಿಸುಕಿಕೊಂಡಿದ್ದೆ. ಸುಳ್ಳು ಹೇಳಿದ್ದು ತಪ್ಪು, ಒಪ್ಪಿಕೊಳ್ತೀನಿ. ಆದರೆ ಜ್ವರ, ನೆಂಟರು ಅಂತ ಹಿಂದೆ ಹೇಳಿದ ಸುಳ್ಳುಗಳಿಂದ ಯಾರಿಗೂ ಏನೂ ಆಗಿರಲಿಲ್ಲ. ಅವರು ಅದನ್ನ ನಂಬಿದ್ದರು ಅಂತಲೂ ನನಗೆ ಅನ್ನಿಸಲ್ಲ. ಈ ಸಲ ಆದದ್ದು ಬೇರೆ. ನಾನು "ಹೌದು" ಅಂದಿದ್ದೆ, ಬೇರೆಯವರು ಆ "ಹೌದು" ನಂಬಿ ಕೆಲಸ ಮಾಡಿದರು. ಆ ಹುಡುಗಿ ಒಂದು ಸೀಟು ಹಿಡಿದಿಟ್ಟಳು, ಊಟಕ್ಕೆ ಒಂದು ತಲೆ ಸೇರಿಸಿ ಹೇಳಿದಳು, ಬಸ್ಸು ನಿಲ್ಲಿಸಿಕೊಂಡು ಹನ್ನೊಂದು ಸಲ ಫೋನ್ ಮಾಡಿದಳು, ಡ್ರೈವರ್ ಹತ್ತಿರ ಬೈಸಿಕೊಂಡಳು. ತಂಡದ ಇನ್ನೊಬ್ಬರು ಸಂಜೆ ಆರಕ್ಕೆ ಮಗುವನ್ನ ಡೇ ಕೇರ್‌ನಿಂದ ಕರೆದುಕೊಂಡು ಹೋಗಬೇಕಿತ್ತು. ಬೆಳಿಗ್ಗೆ ತಡವಾದದ್ದು ಸಂಜೆವರೆಗೂ ತಡವಾಗಿಯೇ ಉಳೀತು, ಅವರು ಬಸ್ಸಿನಲ್ಲಿ ಕೂತು ಯಾರಾದರೂ ಮಗುವನ್ನ ಕರೆದುಕೊಂಡು ಬರ್ತೀರಾ ಅಂತ ಒಬ್ಬೊಬ್ಬರಿಗೇ ಫೋನ್ ಮಾಡ್ತಿದ್ದರಂತೆ. ಮಾರನೇ ದಿನ ಅವರೇ ಬಂದು "ತಲೆನೋವು ಹೇಗಿದೆ?" ಅಂತ ಕೇಳಿದರು. ಕುಹಕ ಇರಲಿಲ್ಲ, ನಿಜವಾಗಲೂ ಕೇಳಿದರು. ಅವತ್ತು ನಾನು ಅವರ ಮುಖ ನೋಡಲಿಲ್ಲ.

ಅಂದರೆ ಹದಿನೈದು ದಿನ ಮುಂಚೆ ಒಂದು ಖಾನೆಯಲ್ಲಿ ಆಗಬಹುದಾಗಿದ್ದ ಅರ್ಧ ನಿಮಿಷದ ಮುಜುಗರವನ್ನ ತಪ್ಪಿಸಿಕೊಳ್ಳೋಕೆ ನಾನು ಅದನ್ನ ಬೇರೆಯವರ ತಲೆಗೆ ಕಟ್ಟಿದೆ. ಆ ಹುಡುಗಿಗೆ ಕಟ್ಟಿದೆ, ಆ ತಾಯಿಗೆ ಕಟ್ಟಿದೆ.

ಶಿಕ್ಷೆ ಅಂತ ಯಾರೂ ಏನೂ ಕೊಡಲಿಲ್ಲ. ಮ್ಯಾನೇಜರ್ ಕರೆದು ಬೈದಿದ್ದರೆ ಎಷ್ಟೋ ಚೆನ್ನಾಗಿರ್ತಿತ್ತು. ಮೂರು ವಾರ ಬಿಟ್ಟು ಒಂದು ಮೀಟಿಂಗಿನಲ್ಲಿ ಕೇಳಿದರು, "ಗುರುವಾರದೊಳಗೆ ಆಗತ್ತೇನ್ರೀ?" "ಆಗತ್ತೆ ಸರ್" ಅಂದೆ. ಅವರು ತಲೆಯಾಡಿಸಿ, ಪಕ್ಕದಲ್ಲಿದ್ದವರ ಕಡೆ ತಿರುಗಿ "ನೀವೂ ಒಂದು ಕಣ್ಣಿಟ್ಟಿರಿ" ಅಂದರು. ಅಷ್ಟೇ. ನನ್ನ ಕೆಲಸದ ಮೇಲೆ ಆವರೆಗೆ ಯಾರೂ ಕಣ್ಣಿಟ್ಟಿರಲಿಲ್ಲ. ಅಲ್ಲಿಂದ ಮುಂದೆ ನಾನು ಏನು ಹೇಳಿದರೂ ಇನ್ನೊಬ್ಬರು ಹೂಂ ಅಂದ ಮೇಲೆ ಅದು ಖಾತ್ರಿಯಾಗ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಥರ, ನಾನೂ ಯಾರೂ ಕೇಳದಿದ್ದರೂ "ನಿಜವಾಗಲೂ ಮುಗಿಸಿದ್ದೀನಿ, ಬೇಕಾದ್ರೆ ನೋಡಿ" ಅಂತ ಸ್ಕ್ರೀನ್‌ಶಾಟ್ ಕಳಿಸೋಕೆ ಶುರು ಮಾಡಿದೆ.

ವರ್ಷದ ಕೊನೆಗೆ ನಮ್ಮ ತಂಡದಿಂದ ಒಬ್ಬರನ್ನ ಗ್ರಾಹಕರ ಜೊತೆ ನೇರ ವ್ಯವಹರಿಸೋ ಲೀಡ್ ಮಾಡೋದಿತ್ತು. ಕೆಲಸ ಗೊತ್ತಿದ್ದವನು ನಾನು. ಸಿಕ್ಕಿದ್ದು ಇನ್ನೊಬ್ಬರಿಗೆ. ಈ ಇನ್ನೊಬ್ಬರು ಯಾರು ಅನ್ನೋದು ಮುಖ್ಯ, ಯಾಕಂದರೆ ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಅವರು ಕಂಪನಿಯ ಒಂದೇ ಒಂದು ಪಾರ್ಟಿಗೆ, ಒಂದೇ ಒಂದು ಔಟಿಂಗಿಗೆ ಬಂದವರಲ್ಲ. ನಾನಾದರೂ ಎರಡೋ ಮೂರೋ ಸಲ ಹೋಗಿ ಗೋಡೆಗೆ ಒರಗಿ ನಿಂತು ಬಂದಿದ್ದೆ. ಅವರು ಅದೂ ಇಲ್ಲ. ಅದೇ ಎಕ್ಸೆಲ್ ಶೀಟಿನಲ್ಲಿ ಅವರ ಹೆಸರಿನ ಮುಂದೆ "ಇಲ್ಲ" ಅಂತಿತ್ತು, ಕಾರಣದ ಖಾನೆಯಲ್ಲಿ "ಬರೋದಿಲ್ಲ. ಚೆನ್ನಾಗಿ ಹೋಗಿ ಬನ್ನಿ" ಅಂತಿತ್ತು. ಶೀಟ್ ತೆರೆದಿದ್ದಾಗ ಅದನ್ನ ನಾನು ಗಮನಿಸಿಯೇ ಇರಲಿಲ್ಲ, "ಹೌದು"ಗಳನ್ನ ಮಾತ್ರ ಎಣಿಸಿದ್ದೆ.

ಮ್ಯಾನೇಜರ್ ಹತ್ತಿರ ಹೋಗಿ ಕೇಳಿದೆ, ನನ್ನ ಕೆಲಸದಲ್ಲಿ ಏನು ಕೊರತೆ ಅಂತ. "ಕೆಲಸದಲ್ಲಿ ಏನೂ ಇಲ್ಲ ಕಣ್ರೀ. ಗ್ರಾಹಕರ ಮುಂದೆ ನೀವು ಹೂಂ ಅಂತೀರಿ. ಅದು ಯಾವ ಹೂಂ ಅಂತ ನನಗೆ ಹೇಗೆ ಗೊತ್ತಾಗ್ಬೇಕು?" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಬರಲ್ಲ ಅಂದಿದ್ರೆ ನಾನೇನು ಎಳಕೊಂಡು ಹೋಗ್ತಿದ್ನಾ?" ಅಂತಲೂ ಕೇಳಿದರು.

ಎಲ್ಲ ಮ್ಯಾನೇಜರ್‌ಗಳೂ ಹೀಗಿರ್ತಾರೆ ಅಂತ ನಾನು ಹೇಳಲ್ಲ. ಎಳಕೊಂಡು ಹೋಗೋರೂ ಇದ್ದಾರೆ. ಅಂಥವರ ಕೈಕೆಳಗೆ ನೀವಿದ್ದರೆ ಕಾನೂನಿನ ಮಾತು ಒಂದೆರಡು ಗೊತ್ತಿರಲಿ. ಅಮೆರಿಕದ ಫೆಡರಲ್ ಕಾರ್ಮಿಕ ನಿಯಮದಲ್ಲಿ ಸಭೆ, ತರಬೇತಿಯಂಥವಕ್ಕೆ ಕೊಟ್ಟ ಸಮಯವನ್ನ ಕೆಲಸದ ಸಮಯ ಅಂತ ಲೆಕ್ಕ ಹಿಡಿಯದೇ ಇರಬೇಕಾದರೆ ನಾಲ್ಕು ಷರತ್ತು ಒಟ್ಟಿಗೆ ಪೂರೈಸಬೇಕು: ಕೆಲಸದ ವೇಳೆಯ ಹೊರಗಿರಬೇಕು, ಸ್ವಂತ ಇಷ್ಟದಿಂದ ಬಂದಿರಬೇಕು, ಕೆಲಸಕ್ಕೆ ನೇರ ಸಂಬಂಧ ಇರಬಾರದು, ಅಲ್ಲಿ ಕೆಲಸ ಮಾಡಿಸಬಾರದು. ಬರದಿದ್ದರೆ ನೌಕರಿಗೆ ತೊಂದರೆ ಅಂತ ಸೂಚನೆ ಕೊಟ್ಟಿದ್ದರೆ ಅದು ಸ್ವಂತ ಇಷ್ಟ ಅಲ್ಲ ಅಂತಲೂ ಅದೇ ನಿಯಮ ಹೇಳತ್ತೆ. ಫ್ರಾನ್ಸಿನಲ್ಲಿ ಒಬ್ಬ ನೌಕರ ಕಂಪನಿಯ "ಮೋಜಿನ" ಸಂಸ್ಕೃತಿಗೆ, ಅಂದರೆ ವಾರದ ಕೊನೆಯ ಕುಡಿತದ ಕೂಟ ಇತ್ಯಾದಿಗೆ, ಸೇರಲಿಲ್ಲ ಅಂತ 2015ರಲ್ಲಿ ಕೆಲಸದಿಂದ ತೆಗೆದರು. 2022ರ ನವೆಂಬರ್‌ನಲ್ಲಿ ಅಲ್ಲಿನ ಅತ್ಯುನ್ನತ ಮೇಲ್ಮನವಿ ನ್ಯಾಯಾಲಯ ಅದು ಅಭಿವ್ಯಕ್ತಿ ಸ್ವಾತಂತ್ರ್ಯದ ಉಲ್ಲಂಘನೆ ಅಂದಿತು. ತೀರ್ಪು ಬರೋಕೆ ಏಳು ವರ್ಷ ಹಿಡೀತು ಅನ್ನೋದನ್ನೂ ಗಮನಿಸಿ. ನಿಮ್ಮ ದೇಶದ ನಿಯಮ, ನಿಮ್ಮ ನೇಮಕಾತಿ ಪತ್ರ ನೀವೇ ಓದಿಕೊಳ್ಳಬೇಕು. ನನ್ನ ಪ್ರಕಾರ ಬಾಸ್‌ಗೆ ಕೇಳಬೇಕಾದ ಪ್ರಶ್ನೆ ಒಂದೇ: "ಇದು ಡ್ಯೂಟಿನಾ ಸರ್?" ಹೌದು ಅಂದರೆ ಡ್ಯೂಟಿ ಥರ ಹೋಗಿ, ಡ್ಯೂಟಿ ಥರ ಗಂಟೆ ಬರೆಸಿ. ಅಲ್ಲ ಅಂದರೆ ಅವರ ಬಾಯಿಂದಲೇ ಬಂತಲ್ಲ.

ಇನ್ನು "ಹೋಗದಿದ್ದರೆ ಪರಿಚಯ ಬೆಳೆಯಲ್ಲ, ಹಿಂದೆ ಬೀಳ್ತೀಯ" ಅಂತ ಹೆದರಿಸೋರ ವಿಷಯ. 2007ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಪಾಲ್ ಇಂಗ್ರಾಂ ಮತ್ತು ಮೈಕಲ್ ಮಾರಿಸ್ ಅಂತ ಇಬ್ಬರು ಒಂದು ಅಧ್ಯಯನ ಪ್ರಕಟಿಸಿದರು. ಬಿಸಿನೆಸ್ ಜನರ ಒಂದು ಕೂಟದಲ್ಲಿ ಎಲ್ಲರ ಮೈಮೇಲೂ ಎಲೆಕ್ಟ್ರಾನಿಕ್ ಬ್ಯಾಡ್ಜ್ ಹಾಕಿ ಯಾರು ಯಾರ ಹತ್ತಿರ ನಿಂತರು ಅಂತ ಅಳೆದರು. ಹೊಸಬರನ್ನ ಪರಿಚಯ ಮಾಡಿಕೊಳ್ಳೋಕೇ ಬಂದಿದ್ದೀವಿ ಅಂದವರೂ ಮೊದಲೇ ಗೊತ್ತಿದ್ದವರ ಜೊತೆಯೇ ಹೆಚ್ಚಾಗಿ ಬೆರೆತಿದ್ದರು. ಅಂದರೆ ಅಲ್ಲಿ ನಗುನಗುತ್ತಾ ನಿಂತವರದ್ದೂ ನಮ್ಮದೇ ಪಾಡು, ಅವರಿಗೆ ಒರಗೋಕೆ ಗೋಡೆ ಬದಲು ಹಳೇ ಗೆಳೆಯರು ಸಿಕ್ಕಿರ್ತಾರೆ ಅಷ್ಟೆ. ಪರಿಚಯವೇ ಬೇಡ ಅಂತಲ್ಲ. ನನಗೆ ಈಗಿನ ಕೆಲಸ ಸಿಕ್ಕಿದ್ದು ಮೂರು ವರ್ಷದಿಂದ ಮಾತೇ ಆಡದಿದ್ದ ಒಬ್ಬ ಹಳೇ ಸಹೋದ್ಯೋಗಿಯಿಂದ. ಅವರ ಪರಿಚಯ ಆದದ್ದು ಲಿಫ್ಟಿನಲ್ಲಿ, ಪಾರ್ಟಿಯಲ್ಲಿ ಅಲ್ಲ.

ನಾನು ಈಗ ಏನು ಮಾಡ್ತೀನಿ ಅಂದರೆ, ಕರೆ ಬಂದ ದಿನವೇ ಉತ್ತರ ಕೊಡ್ತೀನಿ. ಯೋಚನೆ ಮಾಡೋಕೆ ಬಿಟ್ಟರೆ ನನ್ನ ತಲೆ ನೆಪದ ಕಾರ್ಖಾನೆ ಶುರು ಮಾಡತ್ತೆ. "ಈ ಸಲ ಬರಲ್ಲ, ನನ್ನನ್ನ ಬಿಟ್ಟು ಲೆಕ್ಕ ಹಾಕಿ" ಅಂತ ಒಂದೇ ಸಾಲು, ಮುಂದೆ "ಯಾಕಂದರೆ" ಬರೆಯಲ್ಲ. ಕಾರಣ ಕೊಟ್ಟರೆ ಜನ ಆ ಕಾರಣಕ್ಕೆ ಪರಿಹಾರ ಹುಡುಕ್ತಾರೆ: ನೆಂಟರನ್ನೂ ಕರ್ಕೊಂಡು ಬನ್ನಿ, ಮಾತ್ರೆ ತಗೊಂಡು ಬನ್ನಿ ಅಂತ. ಯಾರಾದರೂ ಕೆಲಸ ಬಿಟ್ಟು ಹೋಗುವಾಗ ಮಾಡೋ ಬೀಳ್ಕೊಡುಗೆಗೆ ಮಾತ್ರ ತಪ್ಪಿಸಲ್ಲ, ಅದು ಒಬ್ಬ ಮನುಷ್ಯನಿಗೋಸ್ಕರ ಇರೋದು. ಅಲ್ಲಿಗೂ ಹೇಳಿದ ಸಮಯಕ್ಕಿಂತ ಐದು ನಿಮಿಷ ಮುಂಚೆ ಹೋಗ್ತೀನಿ. ಆಗ ಐದಾರು ಜನ ಇರ್ತಾರೆ, ಹಾಡು ಇನ್ನೂ ಹಾಕಿರಲ್ಲ, ಮಾತು ಕೇಳಿಸತ್ತೆ. ಮೈಕ್ ಬರೋ ಹೊತ್ತಿಗೆ ನಾನು ಮನೆ ದಾರಿ ಹಿಡಿದಿರ್ತೀನಿ.

ಹಾಗಾಗಿ ನೆಪ ಕೇಳಿದ್ದೀರಲ್ಲ, ನನ್ನ ಹತ್ತಿರ ಒಳ್ಳೊಳ್ಳೆಯವು ಇನ್ನೂ ಇವೆ, ಕೊಡಲ್ಲ. ಶುಕ್ರವಾರಕ್ಕೆ ಇನ್ನೂ ಎರಡು ದಿನ ಇದೆ. ನಿಮ್ಮ ಆಫೀಸಿನಲ್ಲೂ ಲೆಕ್ಕ ಹಿಡಿದುಕೊಂಡು ಓಡಾಡ್ತಿರೋ ಯಾರೋ ಒಬ್ಬರು ಇರ್ತಾರೆ. ಅವರಿಗೆ ಇವತ್ತೇ ಹೇಳಿ. ನನ್ನ ಬಸ್ಸಿನ ಹುಡುಗಿಗೆ ನಾನು ನಿಜ ಹೇಳಿ ಕ್ಷಮೆ ಕೇಳಿದ್ದು ಅವಳು ಕೆಲಸ ಬಿಡೋ ದಿನ, ಅವಳ ಬೀಳ್ಕೊಡುಗೆಯಲ್ಲಿ. "ಗೊತ್ತಿತ್ತು ಸರ್, ನಾವೆಲ್ಲ ಬಸ್ಸಲ್ಲೇ ಇದ್ವಲ್ಲ" ಅಂದಳು.