ಅಮಲೇ ಬರದ ವೈನನ್ನು ಜನ ಯಾಕೆ ಕುಡಿಯುತ್ತಾರೆ?

ನೀವು ಕೇಳಿದ್ದು ಇಷ್ಟು: ಆಲ್ಕೋಹಾಲ್ ತೆಗೆದ ವೈನಿಗೆ ಅಷ್ಟು ದುಡ್ಡು ಯಾಕೆ ಕೊಡಬೇಕು, ದ್ರಾಕ್ಷಿ ಜ್ಯೂಸ್ ಕುಡಿದರೆ ಆಗಲ್ವಾ, ಇದು ಬರೀ ಮನಸ್ಸಿನ ಆಟ ಅಲ್ವಾ?

ಮನಸ್ಸಿನದ್ದೇ, ಹೌದು. ಆದರೆ ಅದಕ್ಕೆ 'ಬರೀ' ಅನ್ನುವ ಮಾತು ಸೇರಿಸಬೇಡಿ. ಎರಡು ವರ್ಷದಿಂದ ನಾನು ಕುಡಿಯುತ್ತಿರುವುದು ಅದನ್ನೇ. ಅದರಿಂದ ನನಗೇನು ಸಿಕ್ಕಿತು ಅಂತ ಹೇಳುತ್ತೇನೆ.

ಕೊಡಗಿನ ಮೂರ್ನಾಡಿನ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ನಮ್ಮ ಮನೆಯಲ್ಲಿ ವೈನ್ ಅಂದರೆ ಅಂಗಡಿಯಿಂದ ತರುವುದಲ್ಲ, ಮನೆಯಲ್ಲೇ ಮಾಡುವುದು. ಅತ್ತೆ ಮಾಡುತ್ತಿದ್ದರು, ಅವರಿಂದ ನಾನು ಕಲಿತೆ. ಶುಂಠಿ, ನೆಲ್ಲಿಕಾಯಿ, ಪ್ಯಾಶನ್ ಫ್ರೂಟ್, ಒಂದೆರಡು ಸಲ ವೀಳ್ಯದೆಲೆಯದ್ದೂ ಮಾಡಿದ್ದೇನೆ. ಭರಣಿಗೆ ಸಕ್ಕರೆ, ಯೀಸ್ಟ್, ಒಂದು ಹಿಡಿ ಗೋಧಿ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ 21 ದಿನ ಇಡಬೇಕು. ದಿನಕ್ಕೊಂದು ಸಲ ಮರದ ಸೌಟಿನಲ್ಲಿ ತಿರುವಬೇಕು. ಕಿವಿ ಹತ್ತಿರ ತಂದರೆ ಒಳಗೆ ಸಣ್ಣಗೆ ಗುಳ್ಳೆ ಒಡೆಯುವ ಸದ್ದು ಕೇಳುತ್ತದೆ.

ಮಳೆಗಾಲದ ಸಂಜೆ ಕೆಲಸದವರೆಲ್ಲ ಹೊರಟ ಮೇಲೆ, ಒದ್ದೆ ಬೂಟು ಜಗಲಿಯಲ್ಲಿ ಬಿಟ್ಟು, ಕಾಲು ತೊಳೆದು, ಅರ್ಧ ಗ್ಲಾಸ್ ಶುಂಠಿ ವೈನ್ ಹಿಡಿದು ಕಿಟಕಿ ಹತ್ತಿರ ಕೂರುತ್ತಿದ್ದೆ. ಕರೆಂಟ್ ಇದ್ದರೂ ಇಲ್ಲದಿದ್ದರೂ ಸರಿ. ಅರ್ಧ ಗ್ಲಾಸಿಗೆ ಏನು ಅಮಲು ಬಂದೀತು? ಇವತ್ತಿನ ಕೆಲಸ ಮುಗಿಯಿತು ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದದ್ದು ಆ ಗ್ಲಾಸಿನಿಂದ.

ಎರಡು ವರ್ಷದ ಹಿಂದೆ ಬೆರಳಿನ ಗೆಣ್ಣುಗಳು ಊದಿಕೊಂಡವು. ರುಮಟಾಯ್ಡ್ ಸಂಧಿವಾತ ಅಂದರು. ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್ ಮಾತ್ರೆ. ಅದು ಲಿವರ್‌ಗೆ ಭಾರವಾಗುವ ಔಷಧಿ, ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತಿರಬೇಕು. ಹಾಗಾಗಿ ಮದ್ಯ ಪೂರ್ತಿ ಬಂದ್.

ಮನೆಯಲ್ಲಿ ಹೇಗೋ ಸುಧಾರಿಸಿಕೊಂಡೆ. ಕಷ್ಟವಾಗಿದ್ದು ಮದುವೆ ಮನೆಯಲ್ಲಿ. ನಮ್ಮ ಕಡೆ ಮದುವೆ ಅಂದರೆ ಪಂದಿಕರಿ (ಹಂದಿ ಮಾಂಸದ ಪಲ್ಯ), ಕಡಂಬುಟ್ಟು (ಅಕ್ಕಿ ತರಿಯ ಉಂಡೆ ಕಡುಬು), ಜೊತೆಗೆ ಗ್ಲಾಸು. ಹೆಂಗಸರೂ ತಗೊಳ್ಳುತ್ತಾರೆ, ಅದರಲ್ಲಿ ಮುಚ್ಚುಮರೆ ಇಲ್ಲ. ವಿರಾಜಪೇಟೆಯಲ್ಲಿ ಒಂದು ಮದುವೆಗೆ ಹೋಗಿದ್ದೆ. ಮೈದುನ ಬಂದ, "ಏನತ್ತಿಗೆ, ಖಾಲಿ ಕೈಯಲ್ಲಿ ಕೂತಿದ್ದೀರಿ? ಸ್ವಲ್ಪಾನೂ ಬೇಡ್ವಾ? ಹುಷಾರಿಲ್ವಾ?" ಹೇಳಿದೆ. ಆಮೇಲೆ ನಾದಿನಿ ಬಂದಳು, ಅವಳಿಗೂ ಹೇಳಿದೆ. ಒಬ್ಬರು ಎಣ್ಣೆ ಹಚ್ಚಲು ಹೇಳಿದರು. ಇನ್ನೊಬ್ಬರು ಅವರ ಚಿಕ್ಕಮ್ಮನ ಕೈಬೆರಳು ಹೇಗೆ ಸೊಟ್ಟಗಾಯಿತು ಅಂತ ತಮ್ಮ ಬೆರಳು ಮಡಚಿ ತೋರಿಸಿದರು. ಎಲ್ಲರದ್ದೂ ಪ್ರೀತಿಯೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಊಟಕ್ಕೆ ಏಳುವ ಹೊತ್ತಿಗೆ ನಾನು ಮದುವೆಗೆ ಬಂದವಳಾಗಿ ಉಳಿದಿರಲಿಲ್ಲ, ರೋಗಿಯಾಗಿಬಿಟ್ಟಿದ್ದೆ.

ಮುಂದಿನ ಮದುವೆಗೆ ಮಗಳು ಬೆಂಗಳೂರಿನಿಂದ ಆಲ್ಕೋಹಾಲ್ ಇಲ್ಲದ ಕೆಂಪು ವೈನಿನ ಬಾಟಲಿ ತಂದಳು. ಡಾಕ್ಟರಿಗೆ ಲೇಬಲ್ ತೋರಿಸಿ, ಕೇಳಿಯೇ ಶುರು ಮಾಡಿದ್ದು. ಅವತ್ತು ಗ್ಲಾಸ್ ಹಿಡಿದು ಎಲ್ಲರ ಜೊತೆ ಕೂತೆ. ಒಬ್ಬರೂ ಏನೂ ಕೇಳಲಿಲ್ಲ. ಮೈದುನ ಕಾಳುಮೆಣಸಿನ ರೇಟಿನ ಬಗ್ಗೆ ಮಾತಾಡಿದ, ನಾದಿನಿ ಮಗನಿಗೆ ಹುಡುಗಿ ನೋಡುವ ವಿಷಯ ತೆಗೆದಳು. ನನಗೆ ಬೇಕಾಗಿದ್ದದ್ದು ಆ ಮಾತುಗಳೇ. ನಿಮ್ಮ ಪ್ರಶ್ನೆಗೆ ನನ್ನ ಮುಖ್ಯ ಉತ್ತರ ಇದು: ಆ ಗ್ಲಾಸು ಕೈಯಲ್ಲಿದ್ದರೆ ನಮ್ಮ ಕಥೆ ನಾವು ಹೇಳಿಕೊಳ್ಳಬೇಕಾಗಿಲ್ಲ. ಗರ್ಭಿಣಿ ಅಂತ ಇನ್ನೂ ಯಾರಿಗೂ ಹೇಳದ ಹುಡುಗಿಗೂ, ಘಾಟಿ ರಸ್ತೆಯಲ್ಲಿ ರಾತ್ರಿ ಕಾರು ಓಡಿಸಬೇಕಾದವನಿಗೂ ಅದು ಅಷ್ಟೇ ಸಹಾಯ.

ಹಾಗಾದರೆ ಜ್ಯೂಸ್ ಯಾಕೆ ಆಗಲ್ಲ? ಜ್ಯೂಸ್ ಸಿಹಿ, ನಾಲ್ಕು ಗುಟುಕಿಗೆ ಮುಗಿಯುತ್ತದೆ. ವೈನಿನಲ್ಲಿ ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬಂದ ಟ್ಯಾನಿನ್ ಇರುತ್ತದೆ. ಅದರ ಒಗರು ನಾಲಿಗೆಯನ್ನು ಹಿಡಿಯುತ್ತದೆ, ಗಟಗಟ ಕುಡಿಯಲು ಬಿಡುವುದಿಲ್ಲ. ಒಂದು ಗ್ಲಾಸಿಗೆ ಮುಕ್ಕಾಲು ಗಂಟೆ ಬೇಕು. ಆ ನಿಧಾನವೇ ಅರ್ಧ ಸುಖ.

ಇದು ಜ್ಯೂಸಿಗೆ ಬಣ್ಣ ಹಾಕಿ ಮಾಡಿದ್ದೂ ಅಲ್ಲ. ಮೊದಲು ನಿಜವಾದ ವೈನನ್ನೇ ಮಾಡಿ, ಆಮೇಲೆ ಆಲ್ಕೋಹಾಲ್ ತೆಗೆಯುತ್ತಾರೆ. ಜರ್ಮನಿಯಲ್ಲಿ ಕಾರ್ಲ್ ಯುಂಗ್ ಎಂಬ ವೈನ್ ವ್ಯಾಪಾರಿ 1908ರಷ್ಟು ಹಿಂದೆಯೇ ಇದಕ್ಕೆ ಪೇಟೆಂಟ್ ಪಡೆದ (ಮನಶ್ಶಾಸ್ತ್ರದ ಯುಂಗ್ ಬೇರೆ, ಇವನು ಬೇರೆ). ಗಾಳಿಯ ಒತ್ತಡ ಕಡಿಮೆ ಮಾಡಿದರೆ, 78 ಡಿಗ್ರಿಯಲ್ಲಿ ಕುದಿಯುವ ಆಲ್ಕೋಹಾಲ್ 30 ಡಿಗ್ರಿಯ ಆಸುಪಾಸಿನಲ್ಲೇ ಆವಿಯಾಗುತ್ತದೆ. ವೈನ್ ಬೇಯುವುದಿಲ್ಲ, ರುಚಿ ಸಾಕಷ್ಟು ಉಳಿಯುತ್ತದೆ. ನಮ್ಮ ಮನೆಯ ಆರ್‌ಒ ಫಿಲ್ಟರ್ ಥರದ್ದೇ ಜಾಲರಿಯಲ್ಲಿ ಸೋಸುವ ವಿಧಾನವೂ ಇದೆ. ಸಾಮಾನ್ಯವಾಗಿ ಕೊನೆಗೆ ಶೇಕಡಾ 0.5ಕ್ಕಿಂತ ಕಡಿಮೆ ಉಳಿಯುತ್ತದೆ.

ಇದನ್ನು ಓದಿದ ಮೇಲೆ ನಾನೂ ಒಂದು ಪ್ರಯೋಗ ಮಾಡಿದೆ. ನನ್ನದೇ ಶುಂಠಿ ವೈನನ್ನು ಪಾತ್ರೆಗೆ ಹಾಕಿ ಕುದಿಸಿದೆ. ಅಡುಗೆಮನೆಯೆಲ್ಲ ಘಮ ಅಂದಿತು. ಆ ಘಮವೆಲ್ಲ ಹೊಗೆಗೂಡಿಗೆ ಹೋಯಿತು, ಪಾತ್ರೆಯಲ್ಲಿ ಉಳಿದದ್ದು ಮಂಕಾದ ಹುಳಿ ಪಾನಕ. ನೀವು ದಯವಿಟ್ಟು ಹೀಗೆ ಮಾಡಬೇಡಿ. ರುಚಿ ಹಾಳಾಗುವುದು ಒಂದು ಕಡೆ. ಅಡುಗೆಗೆ ಹಾಕಿದ ಮದ್ಯವನ್ನು ಅರ್ಧ ಗಂಟೆ ಬೇಯಿಸಿದರೂ ಅದರ ಆಲ್ಕೋಹಾಲಿನಲ್ಲಿ ಸುಮಾರು ಮೂರನೇ ಒಂದು ಭಾಗ ಉಳಿಯುತ್ತದೆ ಅಂತ ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯೇ ಹೇಳುತ್ತದೆ. ನನ್ನ ಹಾಗೆ ಔಷಧಿ ತಗೊಳ್ಳುವವರಿಗೆ ಅದು ಅಪಾಯ.

ಇನ್ನು ಮಿದುಳಿನ ವಿಷಯ. 2013ರಲ್ಲಿ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದವರು 49 ಗಂಡಸರಿಗೆ 15 ನಿಮಿಷದಲ್ಲಿ 15 ಮಿಲಿಲೀಟರ್ ಬಿಯರ್ ಮಾತ್ರ ಕೊಟ್ಟು ಸ್ಕ್ಯಾನ್ ಮಾಡಿದರು. ಅಂದರೆ ಒಂದು ದೊಡ್ಡ ಚಮಚದಷ್ಟು. ಅಮಲೇರುವ ಮಾತೇ ಇಲ್ಲ. ಆದರೂ ಬರೀ ರುಚಿಗೇ ಮಿದುಳಿನಲ್ಲಿ ಡೋಪಮೈನ್ (ಖುಷಿ, ಬಯಕೆಗೆ ಸಂಬಂಧಿಸಿದ ರಾಸಾಯನಿಕ) ಏರಿತ್ತು. ನಾನು ಕಿಟಕಿ ಹತ್ತಿರ ಮೊದಲ ಗುಟುಕು ಕುಡಿದಾಗ ಭುಜ ಸಡಿಲವಾಗುವುದು ಯಾಕೆ ಅಂತ ಇದನ್ನು ಓದಿದಾಗ ಗೊತ್ತಾಯಿತು. ಇಷ್ಟು ವರ್ಷ ಮಳೆ, ಕಿಟಕಿ, ಒಗರು, ವಿಶ್ರಾಂತಿ ಎಲ್ಲ ಒಟ್ಟಿಗೇ ಬಂದಿವೆ. ಒಂದು ಬಂದರೆ ಸಾಕು, ಉಳಿದದ್ದು ಹಿಂದೆಯೇ ಬರುತ್ತದೆ.

ಅದೇ ಪ್ರಯೋಗದಲ್ಲಿ ಇನ್ನೊಂದು ವಿಷಯವೂ ಇದೆ. ಹತ್ತಿರದ ಬಂಧುಗಳಲ್ಲಿ ಕುಡಿತದ ಚಟ ಇದ್ದವರಲ್ಲಿ ಆ ಏರಿಕೆ ಜಾಸ್ತಿ ಇತ್ತು. ಇದು ನನಗೆ ಓದಿ ಗೊತ್ತಾಗುವ ಮೊದಲೇ ಕಣ್ಣಾರೆ ಕಂಡಿತ್ತು. ದೊಡ್ಡಪ್ಪನ ಮಗ ಕುಡಿತ ಬಿಟ್ಟು ಆರು ವರ್ಷ. ಮನೆಗೆ ಬಂದಾಗ, ಇದರಲ್ಲಿ ಏನೂ ಇಲ್ಲವಲ್ಲ ಅಂತ ಖುಷಿಯಿಂದ ಅವನಿಗೂ ಒಂದು ಗ್ಲಾಸ್ ಬಗ್ಗಿಸಿದೆ. ಮೂಗಿನ ಹತ್ತಿರ ತಂದವನು ಹಾಗೇ ಕೆಳಗಿಟ್ಟ. "ತಂಗೀ, ಈ ವಾಸನೆ ನನಗೆ ಆಗಲ್ಲ" ಅಂತ ಎದ್ದು, ಮಳೆಯಲ್ಲೇ ಅಂಗಳಕ್ಕೆ ಹೋಗಿ ನಿಂತ. ಅವನ ಕೈ ನಡುಗುತ್ತಿತ್ತು. ಅವತ್ತಿನ ನನ್ನ ತಪ್ಪು ಇವತ್ತಿಗೂ ಮನಸ್ಸಿನಲ್ಲಿದೆ. ನಿಮ್ಮ ಮನೆಯಲ್ಲಿ ಕುಡಿತ ಬಿಡಲು ಒದ್ದಾಡುತ್ತಿರುವವರಿದ್ದರೆ ಈ ಬಾಟಲಿ ಅವರ ಎದುರಿಗೆ ತರಬೇಡಿ. ನನಗೆ ನೆಮ್ಮದಿ ಕೊಡುವ ಅದೇ ವಾಸನೆ ಅವರನ್ನು ಹಳೇ ಜಾಗಕ್ಕೆ ಎಳೆಯುತ್ತದೆ.

ಬೆಲೆ ಜಾಸ್ತಿ ಅನ್ನುವುದು ನಿಜ. ಬಾಟಲಿ ಇಲ್ಲದ ದಿನ ನಾನು ಮಾಡಿಕೊಳ್ಳುವುದು ಇದು: ಹಾಲಿಲ್ಲದ ಗಟ್ಟಿ ಟೀ ಡಿಕಾಕ್ಷನ್ ಅರ್ಧ ಕಪ್, ಸಕ್ಕರೆ ಹಾಕದ ದ್ರಾಕ್ಷಿ ರಸ ಅರ್ಧ ಕಪ್, ಜಜ್ಜಿದ ಶುಂಠಿ, ಎರಡು ಕಾಳುಮೆಣಸು, ಎರಡೇ ಹನಿ ಕಾಚಂಪುಳಿ (ಹಣ್ಣಿನಿಂದ ಮಾಡುವ ಕೊಡಗಿನ ಕಪ್ಪು ಹುಳಿ). ಒಂದು ಗಂಟೆ ಫ್ರಿಜ್ಜಿನಲ್ಲಿಟ್ಟು ಸೋಸಿಕೊಳ್ಳಿ. ಟೀಯಲ್ಲೂ ಟ್ಯಾನಿನ್ ಇರುವುದರಿಂದ ಆ ಒಗರು ಸಿಗುತ್ತದೆ. ವೈನ್ ಗ್ಲಾಸಿಗೇ ಹಾಕಿ. ಒಂದು ದಿನ ಸ್ಟೀಲ್ ಲೋಟದಲ್ಲಿ ಕುಡಿದು ನೋಡಿದೆ, ತಣ್ಣಗಾದ ಹುಳಿ ಟೀ ಕುಡಿದ ಹಾಗಾಯಿತು.