ಕಾರು ಗುದ್ದಿ ಮಂಡಿಗೆ ಪೆಟ್ಟಾಗಿದೆ. ದಂಡ ಹಾಕೋ ಟ್ರಾಫಿಕ್ ಪೊಲೀಸರ ಹತ್ತಿರ ಹೋಗಿ ಏನು ಪ್ರಯೋಜನ?

ನಿಮ್ಮ ಪ್ರಶ್ನೆ ಓದಿ ಎದೆ ಧಸಕ್ಕೆಂದಿತು. ನಿನ್ನೆ ಸಂಜೆ ಸ್ಕೂಟರಿಗೆ ಕಾರು ಗುದ್ದಿದೆ, ಮಂಡಿ ಊದಿದೆ, ಕಾರಿನವರು ಐದು ಸಾವಿರ ಕೊಟ್ಟು ರಾಜಿ ಮಾಡ್ಕೊಳ್ಳೋಣ ಅಂತಿದ್ದಾರೆ. 2021ರಲ್ಲಿ ನನಗೂ ಥೇಟ್ ಹೀಗೇ ಆಗಿತ್ತು.

ಬೆಂಗಳೂರಿನ ನಾಯಂಡಹಳ್ಳಿ ಜಂಕ್ಷನ್ ಹತ್ತಿರ, ಬೆಳಗ್ಗೆ ಒಂಬತ್ತರ ಹೊತ್ತು. ಎಡಕ್ಕೆ ತಿರುಗಿದ ಕಾರು ತಾಗಿ ಮಂಡಿ ಊರಿ ಬಿದ್ದೆ. ಸಿಗ್ನಲ್‌ನಲ್ಲಿದ್ದ ಸಂಚಾರ ಪೇದೆ ಓಡಿ ಬಂದು ನನ್ನನ್ನು ಫುಟ್‌ಪಾತ್ ಮೇಲೆ ಕೂರಿಸಿದರು. ಆಮೇಲೆ ಜೇಬಿನಿಂದ ಸೀಮೆಸುಣ್ಣ ತೆಗೆದು ಎರಡೂ ಗಾಡಿಗಳ ಚಕ್ರದ ಸುತ್ತ ರಸ್ತೆ ಮೇಲೆ ಗೆರೆ ಎಳೆದರು, ಮೊಬೈಲಲ್ಲಿ ಫೋಟೊ ತೆಗೆದರು. ಅಷ್ಟಾದ ಮೇಲೇ ಗಾಡಿ ಬದಿಗೆ ತಳ್ಳಿ ದಾರಿ ಬಿಡಿಸಿದ್ದು. "ಕಂಪ್ಲೇಂಟ್ ಕೊಡ್ತೀರಾ ಸರ್?" ಅಂತ ಎರಡು ಸಲ ಕೇಳಿದರು. ಬೇಡ ಅಂದೆ. ಕಾರಿನವರಿಗೆ ನನ್ನಪ್ಪನ ವಯಸ್ಸು, ಕೈಮುಗಿದು ನಿಂತಿದ್ದರು.

ಅಲ್ಲಿಗೂ ಎಲ್ಲ ಕೆಟ್ಟಿರಲಿಲ್ಲ. ಕೆಡಿಸಿಕೊಂಡಿದ್ದು ಆಸ್ಪತ್ರೆಯಲ್ಲಿ. ಆಕ್ಸಿಡೆಂಟ್ ಅಂದ್ರೆ ಎಂ.ಎಲ್.ಸಿ. (ಪೊಲೀಸರಿಗೆ ತಿಳಿಸಬೇಕಾದ ಗಾಯ ಅಂತ ಆಸ್ಪತ್ರೆ ಮಾಡೋ ದಾಖಲೆ) ಮಾಡ್ತಾರೆ, ಸ್ಟೇಷನ್ನು ಕೋರ್ಟು ಅಂತ ನಿಮಗೇ ಓಡಾಟ ಅಂತ ಕಾರಿನವರು ದಾರಿಯುದ್ದಕ್ಕೂ ಹೇಳಿದ್ದರು. ಡ್ಯೂಟಿ ಡಾಕ್ಟರ್ "ಹೇಗಾಯ್ತು?" ಅಂದಾಗ "ಸ್ಕಿಡ್ ಆಗಿ ಬಿದ್ದೆ" ಅಂದುಬಿಟ್ಟೆ. ಡಾಕ್ಟರು ಹಾಗೇ ಬರೆದುಕೊಂಡರು. ಅಪಘಾತದ ಗಾಯ ಅಂದಿದ್ದರೆ ಆಸ್ಪತ್ರೆಯಿಂದಲೇ ಪೊಲೀಸರಿಗೆ ಮಾಹಿತಿ ಹೋಗುತ್ತಿತ್ತು, ಗಾಯ ಯಾವತ್ತು, ಯಾವುದರಿಂದ ಆಯಿತು ಅನ್ನೋದಕ್ಕೆ ಅದೇ ಮೊದಲ ಸಾಕ್ಷಿ ಆಗುತ್ತಿತ್ತು. ನಾನು ನನ್ನ ಬಾಯಿಂದಲೇ ಕಾರನ್ನು ಆ ರಸ್ತೆಯಿಂದ ಅಳಿಸಿಹಾಕಿದ್ದೆ.

ನಾಲ್ಕನೇ ದಿನ ಸ್ಕ್ಯಾನ್‌ನಲ್ಲಿ ಮಂಡಿ ಕೆಳಗೆ ಮೂಳೆ ಮುರಿದಿರುವುದು ಕಂಡಿತು. ಪ್ಲೇಟ್ ಹಾಕಿಸಿದ್ದಕ್ಕೆ ಬಿಲ್ 2,14,000 ರೂಪಾಯಿ. ಕಾರಿನವರ ಫೋನ್ ಸ್ವಿಚ್ ಆಫ್. ಹತ್ತೊಂಬತ್ತನೇ ದಿನ ವಾಕರ್ ಹಿಡಿದು ಸಂಚಾರ ಠಾಣೆಗೆ ಹೋದೆ. ಅವರು ಕೇಸೇನೋ ದಾಖಲಿಸಿದರು. ಆದರೆ ಪರಿಹಾರದ ಅರ್ಜಿ ವಿಚಾರಣೆಗೆ ಬಂದಾಗ ವಿಮೆ ಕಂಪನಿ ವಕೀಲರು ಎತ್ತಿ ಓದಿದ್ದು ಅದೊಂದೇ ಸಾಲು: ರೋಗಿ ತಾನಾಗಿಯೇ ಬಿದ್ದಿದ್ದು. ಅರ್ಜಿ ವಜಾ ಆಯಿತು.

ಹಾಗಾಗಿ ದಂಡ ಹಾಕೋದಷ್ಟೇ ಟ್ರಾಫಿಕ್ ಪೊಲೀಸರ ಕೆಲಸ ಅನ್ನೋದನ್ನು ಮೊದಲು ತಲೆಯಿಂದ ತೆಗೀರಿ. ಬೆಂಗಳೂರಲ್ಲಿ ರಸ್ತೆ ಅಪಘಾತದ ತನಿಖೆ ಮಾಡೋದೇ ಸಂಚಾರ ಠಾಣೆ, ಕಾನೂನು ಸುವ್ಯವಸ್ಥೆ ಠಾಣೆಯಲ್ಲ. ಎಫ್‌ಐಆರ್, ಸ್ಥಳ ಮಹಜರು, ನಕ್ಷೆ, ಮೋಟಾರು ವಾಹನ ನಿರೀಕ್ಷಕರಿಂದ ಗಾಡಿ ತಪಾಸಣೆ, ಆಸ್ಪತ್ರೆಯಿಂದ ಗಾಯದ ಪ್ರಮಾಣಪತ್ರ, ಕೊನೆಗೆ ಚಾರ್ಜ್‌ಶೀಟ್, ಎಲ್ಲ ಅವರದೇ ಹೊಣೆ. ಪರಿಹಾರ ಕೊಡುವ ನ್ಯಾಯಮಂಡಳಿ ಮೊದಲು ನೋಡೋದೂ ಈ ಕಾಗದಗಳನ್ನೇ.

ದೂರು ಕೊಟ್ಟರೆ ಪಾಪ ಕಾರಿನವರು ಜೈಲಿಗೆ ಹೋಗ್ತಾರೆ ಅನ್ನೋ ಅಳುಕು ನನಗೂ ಇತ್ತು. ಅಜಾಗರೂಕ ಚಾಲನೆ, ಅದರಿಂದಾದ ಗಾಯ ಅಂದರೆ ಈಗ ಭಾರತೀಯ ನ್ಯಾಯ ಸಂಹಿತೆಯ 281, 125ನೇ ಕಲಂ. ಎರಡಕ್ಕೂ ಜಾಮೀನಿದೆ. ಥರ್ಡ್ ಪಾರ್ಟಿ ವಿಮೆ ಚಾಲ್ತಿಯಲ್ಲಿದ್ದರೆ ಪರಿಹಾರವನ್ನೂ ಸಾಮಾನ್ಯವಾಗಿ ಕಂಪನಿಯೇ ಕಟ್ಟುತ್ತೆ, ಅವರ ಜೇಬಿಂದ ಹೋಗಲ್ಲ. ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಪ್ರಕಾರ ಗಾಯಾಳುವಿಗೆ ಚಿಕಿತ್ಸೆ ಕೊಡಿಸೋದು, 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸೋದು ಅವರ ಕರ್ತವ್ಯ ಕೂಡ. ನೀವು ಅವರಿಗೆ ಅನ್ಯಾಯ ಮಾಡ್ತಿಲ್ಲ.

ಇನ್ನೂ ಡಾಕ್ಟರ ಹತ್ತಿರ ಹೋಗಿಲ್ಲ ಅಂದಿದ್ದೀರಿ. ಐದು ಸಾವಿರ ಮುಟ್ಟಬೇಡಿ, ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಇವತ್ತೇ ಹೋಗಿ, ಕಾರು ಗುದ್ದಿತು ಅಂತಲೇ ಹೇಳಿ, ಗೊತ್ತಿದ್ದರೆ ನಂಬರನ್ನೂ ಬರೆಸಿ. ಡಾಕ್ಟರು ಏನು ಬರೆದರು ಅಂತ ಅಲ್ಲೇ ಓದಿ ನೋಡಿ. ಆ ಚೀಟಿ ಹಿಡ್ಕೊಂಡು ಅಲ್ಲಿಂದ ನೇರ ಠಾಣೆಗೆ ಹೋಗಿ.