ಪ್ರೊಜೆಕ್ಟರ್ ಹಾಕಿದರೆ ಅವಳು ವರಾಂಡಕ್ಕೆ!

ಪ್ರಶ್ನೆ: ಜಮಖಂಡಿ ಹತ್ತಿರದ ಹಳ್ಳಿಯೊಂದರಲ್ಲಿ ವಿಜ್ಞಾನ ಟೀಚರ್ ನಾನು. ಎಂಟನೇ ಕ್ಲಾಸಿನ ಒಬ್ಬ ಹುಡುಗಿಗೆ ಫಿಟ್ಸ್ ಇದೆ, ಮಾತ್ರೆ ನಡೆದಿದೆ. ಸ್ಮಾರ್ಟ್ ಕ್ಲಾಸ್ ಇದ್ದಾಗಲೆಲ್ಲ ಅವಳನ್ನು ವರಾಂಡದಲ್ಲಿ ಕೂರಿಸುತ್ತೇವೆ. ಪಾಪ, ಕಿಟಕಿಯಿಂದ ಇಣುಕುತ್ತಿರುತ್ತಾಳೆ. ನಾವು ಮಾಡುತ್ತಿರುವುದು ಸರಿಯೇ?

ಉತ್ತರ: ಇಣುಕಿ ನೋಡುವುದೂ ಅದೇ ಪರದೆಯನ್ನೇ ಅಲ್ವಾ ಟೀಚರ್? ಅದೂ ಒಬ್ಬಳೇ ಕೂತು. ಅಲ್ಲಿ ಫಿಟ್ಸ್ ಬಂದು ಬಿದ್ದರೆ ಹಿಡಿಯುವವರು ಯಾರು?

ಒಳಗೆ ಕರೆಯಿರಿ. ಫಿಟ್ಸ್ ಇರುವ ನೂರು ಜನರಲ್ಲಿ ಮಿನುಗುವ ಬೆಳಕು ತೊಂದರೆ ಕೊಡುವುದು ಸುಮಾರು 3 ಮಂದಿಗೆ, ಮಕ್ಕಳಲ್ಲಿ ಸ್ವಲ್ಪ ಜಾಸ್ತಿ. ಇವಳು ಆ ಗುಂಪಿನವಳೋ ಅಲ್ಲವೋ ಅಂತ ಅವಳ ಡಾಕ್ಟರನ್ನು ಕೇಳಲು ಅಪ್ಪ ಅಮ್ಮನಿಗೆ ಹೇಳಿ. ಇಇಜಿ (ಮೆದುಳಿನ ವಿದ್ಯುತ್ ಚಟುವಟಿಕೆ ನೋಡುವ ಪರೀಕ್ಷೆ) ಮಾಡುವಾಗ ಕಣ್ಣೆದುರು ದೀಪ ಮಿನುಗಿಸಿ ಅದನ್ನು ನೋಡುತ್ತಾರೆ. ನಿದ್ದೆಗೆಟ್ಟರೆ, ಮಾತ್ರೆ ತಪ್ಪಿದರೆ ಫಿಟ್ಸ್ ಬರುವುದೇ ಹೆಚ್ಚು, ಆದರೆ ಅದನ್ನು ಯಾರೂ ವಿಚಾರಿಸುವುದಿಲ್ಲ, ಬೈಸಿಕೊಳ್ಳುವುದು ಮಾತ್ರ ಕಂಪ್ಯೂಟರ್.

1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಏನಾಯಿತು ಗೊತ್ತಾ? ಟಿವಿಯಲ್ಲಿ ಪೋಕೆಮಾನ್ ಕಾರ್ಟೂನ್ ಬರುತ್ತಿತ್ತು, ಒಂದು ದೃಶ್ಯದಲ್ಲಿ ಕೆಂಪು, ನೀಲಿ ಬಣ್ಣ ಪಟಪಟ ಮಿನುಗಿತು, ಅಷ್ಟಕ್ಕೇ 600ಕ್ಕೂ ಹೆಚ್ಚು ಜನ, ಹೆಚ್ಚಿನವರು ಮಕ್ಕಳೇ, ಆಸ್ಪತ್ರೆ ಸೇರಿದರು. ಅವರಲ್ಲಿ ಎಷ್ಟೋ ಮಕ್ಕಳಿಗೆ ಅದಕ್ಕೂ ಮುಂಚೆ ಫಿಟ್ಸ್ ಅಂದರೇನು ಅಂತಲೇ ಗೊತ್ತಿರಲಿಲ್ಲ. ಅಂದರೆ ನಿಮ್ಮ ಕ್ಲಾಸಿನಲ್ಲಿ ಪರೀಕ್ಷೆ ಮಾಡಬೇಕಾದದ್ದು ಆ ಹುಡುಗಿಯನ್ನಲ್ಲ, ವಿಡಿಯೊವನ್ನು. ಹಿಂದಿನ ದಿನವೇ ಒಮ್ಮೆ ನೋಡಿಬಿಡಿ. ಸೆಕೆಂಡಿಗೆ 3 ಸಲಕ್ಕಿಂತ ಹೆಚ್ಚು ಮಿನುಗುವ ತುಣುಕಿದ್ದರೆ ಯಾರಿಗೂ ತೋರಿಸಬೇಡಿ. ರೂಮು ಪೂರ್ತಿ ಕತ್ತಲೆ ಮಾಡಬೇಡಿ, ಅವಳನ್ನು ಸ್ವಲ್ಪ ಹಿಂದಿನ ಬೆಂಚಿನಲ್ಲಿ ಕೂರಿಸಿ. ಪಕಪಕ ಅನ್ನುವ ಟ್ಯೂಬ್‌ಲೈಟ್ ಇದ್ದರೆ ಮೊದಲು ಬದಲಿಸಿ. ಅಕಸ್ಮಾತ್ ಮಿನುಗಿದರೆ ಒಂದು ಕಣ್ಣನ್ನು ಅಂಗೈಯಿಂದ ಪೂರ್ತಿ ಮುಚ್ಚಿ ಮುಖ ತಿರುಗಿಸಲು ಕಲಿಸಿ. ಸುಮ್ನೆ ಎರಡೂ ಕಣ್ಣು ಮುಚ್ಚಿದರೆ ಸಾಲದು, ರೆಪ್ಪೆಯೊಳಗಿಂದಲೂ ಬೆಳಕು ಹೋಗುತ್ತದೆ.

ಇಷ್ಟಾದರೂ ಫಿಟ್ಸ್ ಬಂದರೆ? ಕೈಗೆ ಕೀಲಿಕೈ, ಮೂಗಿಗೆ ಈರುಳ್ಳಿ, ಚಪ್ಪಲಿ... ದಯವಿಟ್ಟು ಬೇಡ. ಬಾಯಿಗೆ ಏನೂ ತುರುಕಬೇಡಿ, ನೀರೂ ಬೇಡ, ಕೈಕಾಲು ಅದುಮಿ ಹಿಡಿಯಬೇಡಿ. ಬೆಂಚು ಸರಿಸಿ, ತಲೆಯ ಕೆಳಗೆ ಮೆತ್ತಗಿನದು ಏನಾದರೂ ಇಡಿ, ಪಕ್ಕಕ್ಕೆ ಹೊರಳಿಸಿ, ಗಡಿಯಾರ ನೋಡಿ. 5 ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ.

ಇದನ್ನೆಲ್ಲ ಅವಳ ಗೆಳತಿಯರಿಗೂ ಹೇಳಿಕೊಡಿ. ಬೆಂಚಿನಲ್ಲಿ ಪಕ್ಕ ಕೂರುವವರು ಅವರೇ ತಾನೆ.